ಚೀರಾಟದ ರಿಹರ್ಸಲ್

ಇಟಲಿಯ ಪೊಲೀಸ್ ಚಿತ್ರವೊಂದು ಕನ್ನಡಕ್ಕೆ ಡಬ್ ಆಗುತ್ತಿತ್ತು. ಪರದೆಯ ಮೇಲೆ ಇನ್‌ಸ್ಪೆಕ್ಟರ್ ಕೈದಿಯ ಪಕ್ಕೆಗೆ ಒದೆಯುತ್ತಿದ್ದ. ಕಂಠದಾನ ಕಲಾವಿದನ ಚೀರಾಟ ಸಪ್ಪೆಯಾಗಿತ್ತು. ಧ್ವನಿಮುದ್ರಣದ ಹೆಂಗಸು, ಸಲಹೆಗೆಂದು ತಾನೇ ಕರೆಸಿದ್ದ ನಿವೃತ್ತ ಇನ್‌ಸ್ಪೆಕ್ಟರನನ್ನು ಮೈಕಿನ ಮುಂದೆ ನಿಲ್ಲಿಸಿದಳು. ಲಾಕಪ್ಪಿನಲ್ಲಿ ಸತ್ತ ಹುಡುಗನೊಬ್ಬನ ಕೇಸು ಸಾಕ್ಷಿ ಸಿಗದೆ ಅವನ ಹಿಂದೆ ಇನ್ನೂ ಕುಂಟುತ್ತಿತ್ತು.

"ರಿಹರ್ಸಲ್ ಅಷ್ಟೇ ಸಾರ್. ಒದೆ ತಿಂದೋರು ಹೆಂಗೆ ಕೂಗ್ತಾರೆ, ತೋರಿಸಿ."

"ಮೊದಲು ಎಲ್ಲಾ ನನ್ಮಕ್ಳೂ ಅಮ್ಮಾ ಅಂತಾರೆ. ಪಕ್ಕೆಲುಬು ಮುರಿದ್ಮೇಲೆ ಬರೀ ನರಳಾಟ. ಒಬ್ಬ ಮಾತ್ರ, ನನ್ನ ಬೂಟಿನ ಕೆಳಗೆ ಪ್ರಾಣ ಬಿಡೋವರೆಗೂ 'ನಿಂಗಕ್ಕಾ' ಅಂತ ಒಂದೇ ಸಮ ಕೂಗಿದ. ಹಿಂಗೆ..."

ಅವನು ಕತ್ತು ಹಿಂದಕ್ಕೆ ಚಾಚಿ ಕೂಗಿದ. "ನಿಂಗಕ್ಕಾ! ನಿಂಗಕ್ಕಾ!"

ಗಾಜಿನಾಚೆ ಅವಳು ರೆಕಾರ್ಡಿಂಗ್ ನಿಲ್ಲಿಸಿದಳು.

"ಕೇಳಿಸ್ತು ಕಣೋ ತಮ್ಮಾ."