ಏಳನೆಯವನು ಓದಿದ

ರಾಷ್ಟ್ರಪತಿ ಅಭ್ಯರ್ಥಿಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ಗೌರಾಂಬಳದು ಕೊನೆಯ ತಪಾಸಣೆಯ ಕೆಲಸ. ಎರಡೂ ಪಕ್ಷಗಳು ಅಲ್ಲಿಂದಲೇ ಯಂತ್ರಮಾನವರನ್ನು ಒಯ್ದು ತಂತಮ್ಮ ಶಾಲು ಹೊದಿಸುತ್ತಿದ್ದವು. ಜನ ಆ ಶಾಲಿನ ಬಣ್ಣಕ್ಕೇ ಬೀದಿಯಲ್ಲಿ ಬಡಿದಾಡುತ್ತಿದ್ದರು.

ಅಂದು ಒಂದು ಪಕ್ಷದ ಕಾರ್ಯದರ್ಶಿ ಮರಿಲಿಂಗಪ್ಪ ಆಯ್ಕೆಗೆ ಬಂದಿದ್ದ. ಪರೀಕ್ಷೆ ಒಂದೇ: ಗೆದ್ದ ಮಾರನೇ ದಿನ ಹೊರಡಿಸಬೇಕಾದ ಆದೇಶಕ್ಕೆ ಈಗಲೇ ಸಹಿ ಹಾಕಬೇಕು. ಏಳನೇ ನಂಬರಿನವನು ಪೆನ್ನು ಹಿಡಿದವನೇ ಕಾಗದ ಓದತೊಡಗಿದ.

“ಕುಂಬಾರ ಓಣಿ ಕೆಡವೋ ಆದೇಶ ಇದು. ಅಲ್ಲಿರೋ ನಾನೂರು ಮನೆಯವರು ಎಲ್ಲಿಗೆ ಹೋಗ್ಬೇಕು?” ಎಂದು ಕೇಳಿದ.

ಗೌರಾಂಬಳ ಮನೆಯೂ ಆ ಓಣಿಯಲ್ಲೇ ಇತ್ತು.

“ಥೂ, ಓದ್ತಾನಲ್ರೀ ಇವ್ನು!” ಮರಿಲಿಂಗಪ್ಪ ಮುಖ ಸಿಂಡರಿಸಿದ. “ಇಂಥವ್ನನ್ನ ತಗೊಂಡೋಗಿ ಏನ್ ಮಾಡ್ಲಿ? ಬಿಚ್ಚಾಕಿ.”

ಗೌರಾಂಬ ಗುಂಡಿ ಒತ್ತಿದಳು. ಏಳನೆಯವನ ತಲೆ ವಾಲಿತು. ಪಕ್ಕದ ಎಂಟನೆಯವನು ಕಾಗದ ಕೈಗೆ ಸಿಕ್ಕಿದ್ದೇ ತಡ, ಸೊಗಸಾಗಿ ಸಹಿ ಹಾಕಿ ಕೈಮುಗಿದ.

“ಸಾರ್, ಇವ್ನ ತಲೇಲಿ ಇನ್ನೂ ಏನೂ ಕೂರ್ಸಿಲ್ಲ. ಕೈ ಮಾತ್ರ ಓಡ್ತಿದೆ,” ಎಂದು ಗೌರಾಂಬ ಅವನ ನೆತ್ತಿಯ ಮುಚ್ಚಳ ತೆಗೆದು ಖಾಲಿ ಬುರುಡೆ ತೋರಿಸಿದಳು.

“ಇನ್ನೇನಮ್ಮ ಬೇಕು? ಮುಚ್ಚಳ ಗಟ್ಟಿಯಾಗಿ ಹಾಕು,” ಎಂದು ಮರಿಲಿಂಗಪ್ಪ ಶಾಲು ಹೊದಿಸಿದ. ಅದೇ ಆದೇಶವನ್ನು ಅವಳ ಮುಂದಿಟ್ಟ. “ಸಾಕ್ಷಿ ಅಂತ ನೀನೂ ಒಂದು ಸೈನ್ ಹಾಕ್ಬಿಡು.”

ಗೌರಾಂಬ ತನ್ನ ಓಣಿಯ ಹೆಸರನ್ನು ಎರಡು ಸಲ ಓದಿದಳು. ತಲೆ ವಾಲಿಸಿ ಕೂತಿದ್ದ ಏಳನೆಯವನತ್ತ ನೋಡಿದಳು. ಆಮೇಲೆ ಸಹಿ ಹಾಕಿ, ಎಂಟನೆಯವನ ಹಾಗೆಯೇ ಕೈಮುಗಿದಳು.