ಎತ್ತಿ ಕುಡಿದ ಬೋರ್ಡೋ

ಮಿಸೆಸ್ ಅಚಿಯೆಂಗ್ ತಾವು ಒಂದು ಗುಟುಕು ಕುಡಿದಿದ್ದ ವೈನ್ ಗ್ಲಾಸನ್ನೇ ಹೃಷಿಕೇಶನತ್ತ ಚಾಚಿದರು. "ಬೋರ್ಡೋ, ಬರ್ಗಂಡಿ, ಶಾಂಪೇನ್ ಅಂತ ನಮಗೆ ಫ್ರಾನ್ಸ್ ಪೂರ್ತಿ ಸುತ್ತಿಸಿಬಿಟ್ರಿ. ನೀವು ಮಾತ್ರ ಒಂದು ಹನಿಯೂ ಮುಟ್ಟಲಿಲ್ಲ. ತಗೊಳ್ಳಿ, ಈ ಬೋರ್ಡೋ ರುಚಿ ನೋಡಿ."

ಕಿಲಿಮಾನಿ ಬಡಾವಣೆಯ ರೆಸ್ಟೋರೆಂಟಿನಲ್ಲಿ ಇಡೀ ಟೇಬಲ್ಲು ಅವನನ್ನೇ ನೋಡಿತು. ಅವನ ಕಂಪನಿಯ ಸಾಫ್ಟ್‌ವೇರ್ ಕೊಳ್ಳಬೇಕೋ ಬೇಡವೋ ಎಂದು ನಾಳೆ ತೀರ್ಮಾನಿಸಲಿದ್ದ ಬ್ಯಾಂಕಿನ ಮುಖ್ಯಸ್ಥೆ ಆಕೆ; ಅವನು ಬೇಡವೆನ್ನುವಂತಿರಲಿಲ್ಲ. ಪಕ್ಕದಲ್ಲಿದ್ದ ಹೆಂಡತಿ ಶ್ರೀರಂಜನಿ ಮುಖದ ನಗು ಕದಲಿಸದೆ ಪಿಸುಗುಟ್ಟಿದಳು: "ರೀ, ಎಂಜಲು ಕಣ್ರೀ!" ಅವರ ಮನೆಯಲ್ಲಿ ವೈನಿಗೆ ಆಕ್ಷೇಪವಿರಲಿಲ್ಲ, ಎಂಜಲಿಗಿತ್ತು.

ಹೃಷಿಕೇಶನ ಬುದ್ಧಿ ಯೋಚಿಸುವ ಮೊದಲೇ ಕೈ ಕೆಲಸ ಮಾಡಿತು. ಚಿಕ್ಕಂದಿನಿಂದ ನೀರಿನ ಲೋಟ ಎತ್ತಿದ ಹಾಗೆಯೇ ಗ್ಲಾಸು ಮೇಲೇರಿತು, ತಲೆ ಹಿಂದಕ್ಕೆ ವಾಲಿತು. ಗ್ಲಾಸು ತುಟಿಗೆ ಸೋಕಲಿಲ್ಲ. ಕೆಂಪು ಧಾರೆ ಗಟಗಟನೆ ನೇರ ಗಂಟಲಿಗಿಳಿಯಿತು. ಬಿಳಿ ಶರ್ಟಿನ ಮೇಲೆ ಒಂದು ಹನಿಯೂ ಬೀಳಲಿಲ್ಲ.

ಮಿಸೆಸ್ ಅಚಿಯೆಂಗ್ ಕಣ್ಣರಳಿಸಿ ಕೇಳಿದರು, "ಅಬ್ಬಾ! ಇದು ಯಾವ ಪ್ರಾಂತ್ಯದ ಪದ್ಧತಿ?"

ವಾರವಿಡೀ ಇಂಟರ್ನೆಟ್ಟಿನಿಂದ ಉರುಹೊಡೆದಿದ್ದ ಫ್ರೆಂಚ್ ಹೆಸರುಗಳಲ್ಲಿ ಒಂದೂ ಅವನ ನಾಲಿಗೆಗೆ ಬರಲಿಲ್ಲ.

"ಬಸವನಗುಡಿ, ಮೇಡಂ."

ಆಕೆ ಎಲ್ಲ ಗೊತ್ತಿದ್ದವರಂತೆ ತಲೆದೂಗಿ ವೇಟರ್‌ನನ್ನು ಕರೆದರು. "ನಮಗೆಲ್ಲ ಒಂದು ಬಾಟಲಿ ಬಸವನಗುಡಿ ತನ್ನಿ."

"ಸವಾ, ಆಗಲಿ ಮೇಡಂ," ಎಂದ ವೇಟರ್. "ರೆಡ್ಡಾ, ವೈಟಾ?"