ಐದನೇ ಬಾಗಿಲು

"ಒಂದೂರಿನಾಗ ಒಬ್ಬ ರಾಜ ಇದ್ದ. ಆ ರಾಜಗ ಏಳು ಮಂದಿ ಹೆಣ್ಣಮಕ್ಳು," ಎಂದು ನಂದಿನಿ ಶುರು ಮಾಡಿದಳು.

"ಹೂಂ," ಎಂದಳು ಅಜ್ಜಿ ಗಾಳೆಮ್ಮ, ಮೊರದ ಅಕ್ಕಿಯಿಂದ ಕಣ್ಣೆತ್ತದೆ.

ಬಳಗಾನೂರಿನ ಆ ಮನೆಯಲ್ಲಿ ಕತೆಗೊಂದು ಕಟ್ಟಳೆಯಿತ್ತು. ಹೇಳುವವರು ಹೇಳುತ್ತಿರಬೇಕು, ಕೇಳುವವರು ಹೂಂಗುಡುತ್ತಿರಬೇಕು. ಹೂಂ ನಿಂತರೆ ಕತೆಯೂ ನಿಲ್ಲಬೇಕು. ಇಪ್ಪತ್ತು ವರ್ಷ ಅಜ್ಜಿ ಹೇಳಿದ್ದಳು, ನಂದಿನಿ ಹೂಂಗುಟ್ಟಿದ್ದಳು. ಇಂದು ಅದಲುಬದಲು. ರಾಜ್ಯದ ಹಾಕಿ ತಂಡದಲ್ಲಿ ಎದುರಾಳಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಾಗಲೆಲ್ಲ ಗೋಲಿನಿಂದ ಎಲ್ಲರಿಗಿಂತ ಮೊದಲು ಓಡಿ, ಬರುವ ಚೆಂಡಿಗೆ ಅಡ್ಡ ನಿಲ್ಲುವವಳು ನಂದಿನಿ. ಎರಡು ತಿಂಗಳ ಹಿಂದೆ ಅಂಥದೊಂದು ಚೆಂಡು ಕಿವಿಯ ಮೇಲೆ ಬಡಿದಿತ್ತು. ಮಿದುಳು ಅಲುಗಿದೆ, ವಿಶ್ರಾಂತಿಯೇ ಮದ್ದು ಎಂದು ಡಾಕ್ಟರು ಮನೆಗೆ ಕಳಿಸಿದ್ದರು. ಬಂದ ದಿನವೇ ಅಜ್ಜಿ ಅವಳ ಸ್ಟಿಕ್ಕನ್ನು ಹಾಸಿಗೆ ಇಡುವ ದೊಡ್ಡ ಟ್ರಂಕಿಗೆ ಹಾಕಿ ಬೀಗ ಸಿಕ್ಕಿಸಿ, "ಏಳು ಬಾಗಲದ ಕತಿ ಒಂದೂ ತಪ್ಪದಂಗ ಹೇಳು, ಅವತ್ತು ಕೊಡ್ತೀನಿ" ಎಂದಿದ್ದಳು. ನಂದಿನಿ ನಗುತ್ತ ಕೈಮೇಲೆ ಕೈಯಿಟ್ಟು ಒಪ್ಪಿದ್ದಳು. ನಾಳೆ ತಂಡದ ಶಿಬಿರ. ಹೋಗದಿದ್ದರೆ ಅವಳ ಜಾಗ ಬೇರೊಬ್ಬಳಿಗೆ.

ರಾಜನಿಗೆ ಬೇನೆ. ಕಡೇ ಮಗಳು ಏಳು ಬಾಗಿಲಾಚೆಯ ಮದ್ದಿನ ನೀರು ತರಲು ಹೊರಟಳು. ಮೊದಲ ಬಾಗಿಲ ಕಾವಲಿನ ಇರುವೆಗೆ ಸಕ್ಕರೆ ಕೊಟ್ಟಳು, ಎರಡನೆಯದರ ನಾಯಿಗೆ ರೊಟ್ಟಿ, ಮೂರನೆಯದರ ಗಿಳಿಗೆ ಮೆಣಸಿನಕಾಯಿ, ನಾಲ್ಕನೆಯದರ ಆನೆಗೆ ಕಬ್ಬು. ಒಂದೊಂದಕ್ಕೂ ಹೂಂ ಬಿತ್ತು.

"ಆಮ್ಯಾಲ ಹಾವಿನ ಬಾಗಲಾ. ಹಾವಿಗೆ ಹಾಲು ಕೊಟ್ಲು."

ಹೂಂ ಬರಲಿಲ್ಲ.

"ಹಾಲು ಕೊಟ್ಲು, ಅಜ್ಜಿ."

"ಹಾವಿಂದು ಆರನೇದು. ಐದನೇದ್ರಾಗ ಯಾರಿದ್ರು?"

ನಂದಿನಿ ಹಣೆ ಒತ್ತಿಕೊಂಡಳು. "ಕತಿ ಅಲ್ಲೇನಜ್ಜಿ, ಒಂದು ಬಾಗಲಾ ಬಿಟ್ರ ಏನಾಗ್ತೈತಿ? ನನ್ ನೆನಪು ಸರಿ ಐತೇನಂತ ನೋಡಾಕ ಕೋಚ್ ಮೇಡಂ ದಿನಾ ಫೋನಿನ್ಯಾಗ ಐದು ಮಾತು ಹೇಳಿ, ಹೊಳ್ಳಿ ಕೇಳ್ತಾರ. ಒಂದ್ ದಿನಾನೂ ತಪ್ಪಿಲ್ಲ ನಾ."

"ಸೂಜಿ, ಕುದುರಿ, ಚಂದ್ರಾಮ, ಉಪ್ಪು, ಕೊಡಲಿ," ಎಂದಳು ಗಾಳೆಮ್ಮ ಒಂದೇ ಉಸಿರಿಗೆ. "ದಿನಾ ಅವೇ ಐದು. ಒಲಿ ಮುಂದ ಕುಂತು ನನಗೂ ಬಾಯಿಪಾಠ ಆಗ್ಯಾವ. ಹಂಗಾರ ನಾನೂ ಆಡಾಕ ಹೋಗ್ಲೇನು?"

ನಂದಿನಿಗೆ ನಗು ಬಂತು. ನಕ್ಕದ್ದಕ್ಕೇ ತಲೆ ಸಿಡಿಯಿತು. ಮುಖ ಕಿವುಚಿದ್ದನ್ನು ಅಜ್ಜಿ ನೋಡಿಬಿಟ್ಟಳು.

"ಇನ್ನಾ ನೋಯ್ತೈತಿ?"

ಈ ಸಲ ನಂದಿನಿಯೇ ಅಂದಳು, "ಹೂಂ."

ಆ ರಾತ್ರಿಯೇ ಅವಳು ತಾನಾಗಿಯೇ ಕೋಚ್ ಪದ್ಮಾವತಿ ಮೇಡಂಗೆ ಫೋನು ಮಾಡಿದಳು. "ಮೇಡಂ, ಆ ಐದು ಮಾತು ನನಗ ಮೊದಲನೇ ವಾರದಾಗೇ ಬಾಯಿಗೆ ಬಂದಿದ್ವುರೀ. ತಲಿ ಇನ್ನಾ ನೋಯಾಕತ್ತೈತಿ." ಶಿಬಿರ ಅವಳಿಲ್ಲದೆ ನಡೆಯಿತು. ಅವಳ ಜಾಗಕ್ಕೆ ಬೇರೆ ಹುಡುಗಿ ಬಂದಳು.

ನಲವತ್ತು ದಿನ ಕಳೆದವು. ಡಾಕ್ಟರು ಹೊಸ ಹೊಸ ಮಾತು ಕೇಳಿದರು, ಓಡಿಸಿದರು, ಬಗ್ಗಿಸಿ ನೋಡಿದರು. ಸಿಂಧನೂರಿನ ಮೈದಾನದಲ್ಲಿ ಎರವಲು ಸ್ಟಿಕ್ ಹಿಡಿದು ಮೂರು ವಾರ ಆಡಿದರೂ ತಲೆ ನೋಯಲಿಲ್ಲ. ಇನ್ನು ಪಂದ್ಯ ಆಡಬಹುದು ಎಂದು ಡಾಕ್ಟರು ಬರೆದುಕೊಟ್ಟರು. ಅದೇ ವಾರ ಲಿಂಗಸುಗೂರಿನಲ್ಲಿ ಒಂದು ಪಂದ್ಯವಿತ್ತು, ಸಂಜೆ ನಾಲ್ಕಕ್ಕೆ. ನೋಡಲು ಮೇಡಂ ಬರುವವರಿದ್ದರು. ಚೆನ್ನಾಗಿ ಆಡಿದರೆ ಹೋದ ಜಾಗವನ್ನು ಮತ್ತೆ ಕೇಳಬಹುದು. ಪಂದ್ಯದ ದಿನ ಬೆಳಿಗ್ಗೆಯೇ ಬೂಟು ಕಟ್ಟಿ, ಚೀಲ ಪಕ್ಕಕ್ಕಿಟ್ಟು, ನಂದಿನಿ ಕಟ್ಟೆಯ ಮೇಲೆ ಅಜ್ಜಿಯೆದುರು ಕೂತಳು.

"ಹಗಲೊತ್ತು ಕತಿ ಹೇಳಿದ್ರ ಹಾದ್ಯಾಗ ಹೋಗೋರು ಹಾದಿ ತಪ್ತಾರ ಅಂತಿದ್ದೆಲ್ಲ?"

"ಬಸ್ಸಿಗೆ ಬೋರ್ಡ್ ಐತಿ, ತಪ್ಪಂಗಿಲ್ಲ. ನೀ ಹೇಳವ್ವ."

ರಾಜ, ಏಳು ಮಕ್ಕಳು, ಇರುವೆ, ನಾಯಿ, ಗಿಳಿ, ಆನೆ. ಆನೆ ಕಬ್ಬು ಮೆಲ್ಲುವ ಹೊತ್ತಿಗೆ ಮಸ್ಕಿ ಮೇಲೆ ಲಿಂಗಸುಗೂರಿಗೆ ಹೋಗುವ ಬಸ್ಸು ಬಂದು ಹಾರ್ನ್ ಹೊಡೆಯಿತು.

"ಐದನೇ ಬಾಗಲದಾಗ..." ನಂದಿನಿ ತಡವರಿಸಿದಳು.

"ಹೂಂ," ಎಂದುಬಿಟ್ಟಳು ಗಾಳೆಮ್ಮ. "ಹೂಂ, ಹೂಂ. ಏಳು, ಬಸ್ ಬಂತು."

"ನಾ ಇನ್ನಾ ಹೇಳೇ ಇಲ್ಲಜ್ಜಿ. ಪುಕ್ಕಟೆ ಹೂಂ ಬ್ಯಾಡ."

ಅವಳು ಕಣ್ಣು ಮುಚ್ಚಿದಳು. ಹಾರ್ನ್ ಇನ್ನೊಮ್ಮೆ ಕೂಗಿತು. "ಐದನೇ ಬಾಗಲದಾಗ ಒಬ್ಬಾಕಿ ಮುದುಕಿ ಇದ್ಲು. 'ನನಗೇನೂ ಬ್ಯಾಡವ್ವ, ಬಿಸಲು ಇಳಿಯೋ ಮಟ ನನ್ ಬಾಜೂಕ ಕುಂದ್ರು' ಅಂದ್ಲು. ಈಕಿ ಕುಂತ್ಲು."

ಬಸ್ಸು ಹೋಯಿತು. ಇಬ್ಬರೂ ಆ ಕಡೆ ನೋಡಲಿಲ್ಲ.

"ಹೂಂ," ಎಂದಳು ಗಾಳೆಮ್ಮ, ಮೆಲ್ಲಗೆ.

"ಆರನೇದ್ರಾಗ ಹಾವಿಗೆ ಹಾಲು. ಏಳನೇದಕ್ಕ ಕಾವಲೇ ಇದ್ದಿಲ್ಲ, ಬಾಗಲಾ ತೆರದೇ ಇತ್ತು. ಈಕಿ ನೀರು ತಂದ್ಲು, ರಾಜ ಎದ್ದು ಕುಂತ."

"ಹೂಂ. ಮುಂದಿನ ಬಸ್ಸು ಅರ್ಧ ತಾಸಿಗೆ ಐತಿ. ಹೋಗು, ನಿನ್ ಬಡಿಗಿ ತಗೋ."

"ಕೀಲಿಕೈ ಕೊಡಜ್ಜಿ."

"ಅದರ ಕೀಲಿಕೈ ಎಲ್ಲೈತಿ? ನಿಮ್ಮಪ್ಪ ಸಾಲಿಗೆ ಹೋಗಾಗ್ಲೇ ಕಳದೈತಿ."

ನಂದಿನಿ ಒಳಗೆ ಹೋದಳು. ನೂರು ದಿನ ದೂರದಿಂದಷ್ಟೇ ನೋಡಿದ ಬೀಗ ಕೊಂಡಿಗೆ ಸುಮ್ಮನೆ ಜೋತುಬಿದ್ದಿತ್ತು. ಬೆರಳು ತಾಗಿಸಿದ್ದೇ ಕಳಚಿ ಕೈಗೆ ಬಂತು. ಮುಚ್ಚಳ ಎತ್ತಿ ಸ್ಟಿಕ್ಕನ್ನು ಹೊರಗೆ ತೆಗೆದಳು.